ಓಡಲು ಐದು, ಏಳಲು ಇಪ್ಪತ್ತು

ಯಾರೋ ಶೋಕಿಗೆ ಕಟ್ಟಿಸಿದ ಗಾಡಿ.
ಮಡಚುವ ಮಂಚ, ಅಂಗೈಯಗಲದ ಸಿಂಕು,
ನೆತ್ತಿಯ ಮೇಲೊಂದು ಎ.ಸಿ.
ಗೋವಾ ಕಂಡಿತೋ ಇಲ್ಲವೋ, ಕೊನೆಗೆ
ಶಿಡ್ಲಘಟ್ಟದ ಬಾಬಾಜಾನ್ ಗುಜರಿಗೆ ಬಂದು ನಿಂತಿತು.
ಗಂಗುಲಪ್ಪ ಮಂಚ ಕಿತ್ತ.
ನಾನು ಹೇಳಿದ್ದಕ್ಕೆ ಸಿಂಕು ಉಳಿಯಿತು.
ಕಿಟಕಿಗೆ ಈಗಲೂ ಯಾರ ಮಗುವೋ ಅಂಟಿಸಿದ
ಹಳದಿ ಮೀನಿನ ಸ್ಟಿಕ್ಕರು.

ಈಗಿನ ಪ್ರಯಾಣಿಕರು ಅಕ್ಕಿಕಾಳಿನುದ್ದ.
ಮುನ್ನೂರು ಮೊಟ್ಟೆ ಚಾಕಿ;
ಒಂದೂಕಾಲು ಲಕ್ಷ ತಲೆ, ಒಂದಕ್ಕೂ ಟಿಕೆಟ್ಟಿಲ್ಲ.
ಎರಡನೇ ಜ್ವರಕ್ಕೆ ಕೂತಿವೆ.
ಜ್ವರವೆಂದರೆ ಜ್ವರವಲ್ಲ, ಪೊರೆ ಬಿಡುವ ಹೊತ್ತು:
ತಲೆ ಎತ್ತಿ, ಸೊಪ್ಪು ಮರೆತು
ಒಂದು ದಿನ ಸುಮ್ಮನಿರುತ್ತವೆ.
ಸಾಗಿಸಲು ಇದೇ ಹೊತ್ತು, ಹಸಿವಿಲ್ಲದಾಗ.
ಬಿಸಿಲು ತಾಗಬಾರದು,
ಬೀಡಿಯ ವಾಸನೆ ಕೂಡ ಆಗದು.

ಬೆಳಗಿನ ಜಾವ ಹೊರಡಬೇಕಿತ್ತು.
ಕ್ಲಚ್ ವೈರು ಹರಿದು ಹನ್ನೊಂದಾಯಿತು.
ಚಿಂತಾಮಣಿ ದಾಟುವಾಗ ಟಾರು
ಟೈರನ್ನು ಬಿಡಲೊಲ್ಲದೆ ಚಟಚಟ ಅನ್ನುತ್ತಿತ್ತು.
ಹಿಂದಿನ ಮೆಟ್ಟಿಲಿಗೆ ಸರಪಳಿಯಲ್ಲಿ ಬಿಗಿದ ಜನರೇಟರು,
ಡೇರಿಯ ಹಾಲಿನ ಕ್ಯಾನಿಗಿಂತ ಗಿಡ್ಡ, ಎರಡು ಕೆ.ವಿ.ಎ.
ಬರೀ ಫ್ಯಾನು ತಿರುಗುವಾಗ ಗೊಣಗುತ್ತ ಇರುತ್ತದೆ, ಪಾಪ.
ಕಂಪ್ರೆಸರ್ ಏಳುವ ಕ್ಷಣಕ್ಕೆ
ಉಸಿರು ಕಟ್ಟಿ, ಮುಗ್ಗರಿಸಿ,
ಟಕ್.
ಕೆಂಪು ದೀಪ.

“ಓಡಲು ಐದು ಆಂಪ್ಸ್ ಸಾಕಕ್ಕಾ,
ಏಳಲು ಇಪ್ಪತ್ತು ಕೇಳುತ್ತೆ” ಅಂದಿದ್ದ ಬಾಬಾಜಾನ್.
“ಕೂತವರನ್ನ ಎಬ್ಬಿಸೋದೇ ಖರ್ಚು.”
ಮಾತ್ರೆ ಡಬ್ಬಿಯಷ್ಟು ಕೆಪಾಸಿಟರ್ ಒಂದನ್ನು
ಅದರ ಹೊಟ್ಟೆಗೆ ಸೇರಿಸಿಕೊಟ್ಟಿದ್ದ.
“ಮೊದಲ ನೂಕು ಇದು ಕೊಡುತ್ತೆ. ಆದರೆ
ಆ ಹೊತ್ತಲ್ಲಿ ಬೇರೆ ಯಾರೂ ಏನೂ ಕೇಳಬಾರದು.”

ಹಾಗಾಗಿ ಎ.ಸಿ. ಏಳುವಾಗ ನಾವು
ಒಳಕೋಣೆಯಲ್ಲಿ ಹೆರಿಗೆ ನಡೆದಿರುವ ಮನೆಯಂತೆ:
ಬಲ್ಬು ಆರಿಸು. ಫೋನಿನ ಪಿನ್ನು ಕೀಳು.
ನೀರಿನ ಪಂಪು ಮುಟ್ಟಬೇಡ.
ಎಕಾನಮಿ ಸ್ವಿಚ್ಚು ತೆಗೆ, ಪೂರ್ತಿ ಕೂಗಲಿ ಇಂಜಿನ್ನು.
ಹತ್ತು ಎಣಿಸು.
ಈಗ.

ಎರಡು ಸಲ ಕೈಕೊಟ್ಟು ಮೂರನೆಯದಕ್ಕೆ ಎದ್ದಿತು.
ಮೂವತ್ತಾರು. ಮೂವತ್ತೆರಡು. ಇಪ್ಪತ್ತೆಂಟು.
ಆದರೆ ತಂಪಿನ ಹಿಂದೆಯೇ ಒಣಗು;
ಗಾಳಿಯ ನೀರನ್ನೆಲ್ಲ ಕುಡಿದು
ಸೂರಿನಿಂದ ರಸ್ತೆಗೆ ಉಗುಳುತ್ತದೆ ಅದು.
ಜ್ವರದ ಹುಳುವಿಗೆ ತೇವ ಹೆಚ್ಚಿದರೂ ಕೇಡು, ಬತ್ತಿದರೂ ಕೇಡು.
ಸಿಂಕಿನಲ್ಲಿ ಗೋಣಿ ನೆನೆಸಿ, ಬಿಗಿಯಾಗಿ ಹಿಂಡಿ
ಬಾಗಿಲಿಗೆ ತೂಗುಹಾಕುತ್ತೇನೆ.
ಅದು ತೆಗೆದದ್ದನ್ನು ನಾನು ಇಡುವುದು,
ನಾನಿಟ್ಟದ್ದನ್ನು ಅದು ತೆಗೆಯುವುದು,
ಒಂದೇ ಅಡುಗೆಮನೆಯಲ್ಲಿ ಅತ್ತಿಗೆ ನಾದಿನಿ.

ರೈಲು ಗೇಟು ಬಿತ್ತು.
ಗಾಳಿ ತಿರುಗಿ, ಜನರೇಟರಿನ ಹೊಗೆ
ಬಾಗಿಲ ಸಂದಿಗೆ ಮೂಗು ತೂರಿಸಿತು.
ಹಿಂದೆ ಟೊಮೆಟೊ ಟೆಂಪೋ, ಸುತ್ತ ಬೈಕು,
ಗಾಡಿ ಹೊರಳಿಸಲು ಗೇಣು ಜಾಗವಿಲ್ಲ.
ಗಂಗುಲಪ್ಪನ ಮುಖ ನೋಡಿದೆ. ಅವನು ಸ್ಟೀರಿಂಗು ನೋಡಿದ.
ನಾನೇ ಇಳಿದು ಆರಿಸಿದೆ.
ಅಷ್ಟು ಪಾಡುಪಟ್ಟು ಎದ್ದದ್ದು
ಒಂದು ಬೆರಳಿಗೆ ಕೂತಿತು.

ಟೊಮೆಟೊದವನು ಬೀಡಿ ಕಚ್ಚಿಕೊಂಡೇ ಬಂದ.
“ಯಾರಿಗಕ್ಕಾ ಒಳಗೆ ಎ.ಸಿ.?”
“ಮಕ್ಕಳಿಗೆ,” ಅಂದೆ. “ಜ್ವರ.”
ಸುಳ್ಳಲ್ಲ. ಮನೆಯಲ್ಲಿ ಹಾಗೇ ಅನ್ನುವುದು.
ಅವನು ಬೀಡಿ ಹೊಸಕಿದ.
ಬೈಕಿನವರನ್ನು ಬೈದು ಸರಿಸಿದ,
ತನ್ನ ಟೆಂಪೋವನ್ನು ಚರಂಡಿಯಂಚಿಗೆ ಒತ್ತಿದ.
ಗಾಳಿಗೆ ಮುಖ ಮಾಡಿ ಅಡ್ಡಡ್ಡ ನಿಂತೆವು.
ಹಗ್ಗವನ್ನೂ ಅವನೇ ಎಳೆದ, ನಾಲ್ಕು ಸಲ.

ಎಣಿಸತೊಡಗಿದೆ. ಆರಕ್ಕೆ ಗೂಡ್ಸು ಮುಗಿಯಿತು,
ಎಂಟಕ್ಕೆ ಗೇಟು ಎದ್ದಿತು.
ಆ ಕಡೆಯವರು ಆಗಲೇ ನುಗ್ಗಿ ಬರುತ್ತಿದ್ದರು.
ಈ ಕಡೆ ಒಂದು ಹಾರನ್ನಿಲ್ಲ.
ಯಾರೋ ಹಾಡು ನಿಲ್ಲಿಸಿದರು.
ಒಂಬತ್ತು.
ಹತ್ತು.

ಗಾಡಿಯ ನೆತ್ತಿ ಒಮ್ಮೆ ನಡುಗಿ, ಹಿಡಿಯಿತು.

ಪಕ್ಕದಲ್ಲಿ ಹಾದುಹೋಗುವಾಗ ಕೂಗಿ ಹೇಳಿದ:
“ಜ್ವರ ಬಿಟ್ಟ ಮೇಲೆ ಗಂಜಿ ಕೊಡಕ್ಕಾ, ಖಾರ ಬೇಡ!”
ಹೂಂ ಅಂದೆ.
ಸೊಪ್ಪು ಅನ್ನಲಿಲ್ಲ.